ಪೆಟ್ಟು ಸಣ್ಣದು, ಹೃದಯ ನಿಂತದ್ದೇಕೆ?

ಪ್ರಶ್ನೆ: ಚೆಂಡು ಎದೆಗೆ ಬಡಿದು ಆಟಗಾರ ಕುಸಿಯುತ್ತಾನೆ, ಆದರೆ ಪಕ್ಕೆಲುಬೂ ಮುರಿದಿರುವುದಿಲ್ಲ. ಹೇಗೆ? ಹಂದಿಗಳ ಮೇಲೇ ಪ್ರಯೋಗ ಯಾಕೆ?

ಉತ್ತರ 1: ಇದು ಕಮೋಷಿಯೋ ಕಾರ್ಡಿಸ್, ಅಂದರೆ ಎದೆಗೆ ಬಿದ್ದ ಪೆಟ್ಟಿನಿಂದ ಹೃದಯದ ಲಯ ದಿಢೀರನೆ ಕೆಡುವುದು. ಗಾಯಕ್ಕಿಂತ ಗಳಿಗೆಯದೇ ಆಟ. 1998ರ ಪ್ರಯೋಗದಲ್ಲಿ ಅರಿವಳಿಕೆ ಕೊಟ್ಟ ಮರಿಹಂದಿಗಳ ಎದೆಗೆ, ಇಸಿಜಿಗೆ (ಹೃದಯದ ವಿದ್ಯುತ್ ಚಟುವಟಿಕೆಯ ನಕ್ಷೆ) ಹೊಂದಿಸಿ, ಬೇಸ್‌ಬಾಲ್ ತೂಕದ ಮರದ ತುಂಡನ್ನು ಗಂಟೆಗೆ ಸುಮಾರು 48 ಕಿ.ಮೀ. ವೇಗದಲ್ಲಿ ಬಡಿಸಿದರು. ಟಿ ಅಲೆಯ (ಬಡಿತದ ನಂತರ ಹೃದಯ ಮತ್ತೆ ಸಜ್ಜಾಗುವುದನ್ನು ಇಸಿಜಿಯಲ್ಲಿ ತೋರುವ ಉಬ್ಬು) ತುದಿಗಿಂತ 15–30 ಮಿಲಿಸೆಕೆಂಡ್ ಮೊದಲು ಬಿದ್ದ ಪೆಟ್ಟಿಗೆ ಹೃತ್ಕುಕ್ಷಿ ಕಂಪನ ಹುಟ್ಟಿತು, ಅಂದರೆ ಹೃದಯ ಲಯ ತಪ್ಪಿ ಬರೀ ನಡುಗಿತು, ರಕ್ತ ಪಂಪ್ ಆಗಲಿಲ್ಲ.

ಉತ್ತರ 2: ವೇಗ ಹೆಚ್ಚಿದಷ್ಟೂ ಅಪಾಯ ಅನ್ನಬೇಡಿ. ಹಂದಿಗಳಲ್ಲಿ ಗಂಟೆಗೆ ಸುಮಾರು 64 ಕಿ.ಮೀ. ವೇಗಕ್ಕೆ ಕಂಪನದ ಸಾಧ್ಯತೆ ಗರಿಷ್ಠ. ಅದರಾಚೆ ಹೃದಯಸ್ನಾಯುವೇ ಜಜ್ಜುತ್ತದೆ, ಅದು ಬೇರೆ ಕಾಯಿಲೆ. ಹಂದಿಯ ಎದೆಗೂಡಿನ ಆಕಾರ ನಮ್ಮದಲ್ಲ, ಹಾಗಾಗಿ ಅಂಕಿಗಳನ್ನು ನೇರವಾಗಿ ಮನುಷ್ಯರಿಗೆ ಹೊಂದಿಸಲಾಗದು.

ಉತ್ತರ 3: ಮೈದಾನದಲ್ಲಾದರೆ ತಕ್ಷಣ ಎದೆ ಒತ್ತಿ: ನಿಮಿಷಕ್ಕೆ 100–120, ವಯಸ್ಕರಿಗೆ ಕನಿಷ್ಠ 5 ಸೆಂ.ಮೀ. ಆಳ. ಎಇಡಿ (ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಯಂತ್ರ) ಬಂದೊಡನೆ ಹಚ್ಚಿ, ಅದು ಹೇಳಿದರೆ ಶಾಕ್. ಬಿಕ್ಕುಸಿರನ್ನು (ಹೃದಯ ನಿಂತ ಮೇಲೆ ಆಗೊಮ್ಮೆ ಈಗೊಮ್ಮೆ ಬರುವ ಏದುಸಿರು) ಉಸಿರಾಟವೆಂದು ಭ್ರಮಿಸಿ ಕಾಯುವುದೇ ದೊಡ್ಡ ತಪ್ಪು.