ಒಂದು ಟವೆಲ್ಲಿಗೆ ಐದು ಡಿಪೋ

ಕೃಷ್ಣರಾವ್ ಪಾರ್ಕಿನ ಕಲ್ಲುಬೆಂಚು. ಒಂದು ತುದಿಯಲ್ಲಿ ಪದ್ದಕ್ಕನ ತರಕಾರಿ ಚೀಲ.

"ಅಲ್ಲಿ ಕೂರಬೇಡ ಕಣೋ ಮೋಹನ, ಅದು ರಾಯರ ಜಾಗ."

"ರಾಯರು ಮಗನ ಮನೆಗೆ ಹೋಗಿ ಎರಡು ತಿಂಗಳಾಯ್ತಲ್ಲಕ್ಕಾ!"

"ಬರ್ತಾರೆ. ನೀನು ಈ ಕಡೆ ಸರಿ."

ಗುಂಡನಿಗೆ ಇದ್ಯಾವುದೂ ಕಿವಿಗೆ ಬಿದ್ದಿರಲಿಲ್ಲ. ಲ್ಯಾಪ್‌ಟಾಪಿನಿಂದ ತಲೆ ಎತ್ತಿ ಹೇಳಿದ: "ಶೀನಣ್ಣ, ಡಿಸೈನ್ ರೆಡಿ. ಐದು ರೆಡಿಸ್ ಸರ್ವರ್, ಅಂದ್ರೆ ಡೇಟಾನ ಮೆಮೊರೀಲಿ ಇಟ್ಕೊಳ್ಳೋವು. ಐದರಲ್ಲಿ ಮೂರು ಒಪ್ಪಿದರೆ ಲಾಕ್, ಅಂದ್ರೆ ಒಬ್ಬನೇ ಕೆಲಸ ಮಾಡೋ ಹಕ್ಕು, ಸಿಕ್ಕ ಹಾಗೆ. ಲಾಕಿಗೆ 30 ಸೆಕೆಂಡ್ ಆಯಸ್ಸು."

"ಯಾತಕ್ಕಪ್ಪಾ ಇಷ್ಟೆಲ್ಲ?"

"ಸ್ಟಾಕ್ ರಿಪೋರ್ಟಿಗೆ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋ ಕ್ರಾನ್‌ನಲ್ಲಿ 5 ನಿಮಿಷಕ್ಕೊಂದು ಸಲ ಓಡತ್ತೆ. ತಿಂಗಳ ಕೊನೇಲಿ 7 ನಿಮಿಷ ಹಿಡಿಯತ್ತೆ. ಮೊದಲನೇದು ಮುಗಿಯೋ ಮುಂಚೆ ಎರಡನೇದು ಶುರು. ಇಬ್ರೂ ಒಂದೇ ಫೈಲಿಗೆ ಬರೆದು ಚಿತ್ರಾನ್ನ."

"ಇವೆರಡೂ ಎಷ್ಟು ಮೆಷಿನ್‌ನಲ್ಲಿ ಓಡತ್ವೆ?"

"ಒಂದೇ."

ಶೀನಣ್ಣ ಕಡಲೆಕಾಯಿ ಸುಲಿಯೋದು ನಿಲ್ಲಿಸಿದರು. "ಪದ್ದಕ್ಕ, ಮೆಜೆಸ್ಟಿಕ್‌ನಲ್ಲಿ ಕಿಟಕಿಯಿಂದ ಸೀಟಿಗೆ ಟವೆಲ್ ಎಸೀತಿದ್ವಲ್ಲ, ನೆನಪಿದ್ಯಾ? ಆ ಟವೆಲ್ ಹಾಕೋಕೆ ಇವನು ಐದು ಡಿಪೋಗೆ ಅರ್ಜಿ ಬರೀತಾನಂತೆ. ಮೂರು ಡಿಪೋ ಮ್ಯಾನೇಜರ್‌ಗಳು ಸಹಿ ಹಾಕಬೇಕಂತೆ. ಅಷ್ಟಾದರೂ ಸೀಟು 30 ಸೆಕೆಂಡಿಗೆ ಮಾತ್ರ."

"ರಿನ್ಯೂ ಮಾಡೋಕೆ ಅದೇ ಪ್ರೋಗ್ರಾಮಿನೊಳಗೆ ಬೇರೆ ಥ್ರೆಡ್ ಇದೆ ಅಣ್ಣ."

"ಓಡ್ತಿರೋ ಆ ಇಡೀ ಪ್ರೋಗ್ರಾಮೇ, ಅಂದ್ರೆ ಪ್ರೊಸೆಸ್ಸೇ, 40 ಸೆಕೆಂಡ್ ಗರ ಬಡಿದು ನಿಂತರೆ? ಆ ಥ್ರೆಡ್ಡೂ ಜೊತೇಲೇ ನಿಂತಿರತ್ತೆ. ಅಷ್ಟರಲ್ಲಿ ಲಾಕ್ ಇನ್ನೊಬ್ಬನ ಪಾಲು. ಇವನು ಎಚ್ಚರಾಗಿ, ಸೀಟು ಇನ್ನೂ ನಂದೇ ಅಂದ್ಕೊಂಡು ಅವನ ತೊಡೆ ಮೇಲೆ ಕೂರ್ತಾನೆ. ಎರಡು ಮೆಷಿನ್ ಇದ್ದಿದ್ರೆ ಈ ತಲೆನೋವು ಪಡು ಅಂತಿದ್ದೆ. ಒಂದೇ ಮೆಷಿನ್ನಿಗೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಕರ್ನೆಲ್ಲೇ ಕಂಡಕ್ಟರ್. ಕ್ರಾನ್ ಸಾಲಿನಲ್ಲಿ ನಿನ್ನ ಸ್ಕ್ರಿಪ್ಟಿನ ಮುಂದೆ ಫ್ಲಾಕ್ ಅನ್ನೋ ಲಿನಕ್ಸ್ ಕಮಾಂಡ್, ಮೈನಸ್ ಎನ್, ಒಂದು ಲಾಕ್ ಫೈಲಿನ ಹೆಸರು. ಮುಗೀತು. ಲಾಕ್ ಸಿಗದಿದ್ರೆ 1 ಅನ್ನೋ ಎಕ್ಸಿಟ್ ಕೋಡ್ ಕೊಟ್ಟು ತೆಪ್ಪಗೆ ವಾಪಸ್ ಹೋಗತ್ತೆ. ಸ್ವಲ್ಪ ಕಾಯಲಿ ಅಂದ್ರೆ ಮೈನಸ್ ಡಬ್ಲ್ಯೂ 20, ಅಂದ್ರೆ 20 ಸೆಕೆಂಡ್. ಏನೂ ಹಾಕದಿದ್ರೆ ಸಿಗೋ ತನಕ ಕಾಯತ್ತೆ."

"ವಿದ್ಯಾರ್ಥಿ ಭವನದಲ್ಲಿ ಭಾನುವಾರ ದೋಸೆಗೆ ಕಾದ ಹಾಗೆ," ಪದ್ದಕ್ಕ ಅಂದರು.

"ಅದೇ. ಕೂತೋರ ಬೆನ್ನ ಹಿಂದೆ ನಿಂತು ನಿಮಿಷಕ್ಕೊಂದು ಸಲ ತಟ್ಟೆ ಇಣುಕಬೇಕಿಲ್ಲ. ಜಾಗ ಆದಾಗ ಕರ್ನೆಲ್ಲೇ ಎಬ್ಬಿಸತ್ತೆ."

ಮೋಹನನಿಗೆ ಇದೂ ಅತಿಯೆನಿಸಿತು. "ಫ್ಲಾಕೂ ಬೇಡ, ಗೀಕೂ ಬೇಡ. ಒಂದು ಖಾಲಿ ಫೈಲ್ ಇದ್ಯಾ ನೋಡು. ಇಲ್ಲದಿದ್ರೆ ಟಚ್ ಮಾಡಿ ಫೈಲ್ ಸೃಷ್ಟಿಸು, ಕೆಲಸ ಮುಗಿಸು, ಅಳಿಸು. ನಾನು ಮಾಡೋದೇ ಹಾಗೆ."

"ನೋಡೋದಕ್ಕೂ ಟಚ್ ಮಾಡೋದಕ್ಕೂ ನಡುವೆ ಒಂದು ಗಳಿಗೆ ಇದೆಯಲ್ಲ ಮೋಹನ, ಅಷ್ಟರಲ್ಲಿ ಇನ್ನೊಬ್ಬನೂ ನೋಡಿರ್ತಾನೆ. ಇಬ್ಬರಿಗೂ ಸೀಟು ಖಾಲಿ, ಇಬ್ಬರದೂ ಟವೆಲ್. ಆ ದಾರಿಯೇ ಬೇಕಂದ್ರೆ ಎಮ್‌ಕೆಡಿಐಆರ್‌ನಲ್ಲಿ ಡೈರೆಕ್ಟರಿ ಮಾಡು. ಇದ್ರೆ ಫೇಲ್, ಇಲ್ಲದಿದ್ರೆ ನಿಂದು. ನೋಡೋದೂ ಹಿಡಿಯೋದೂ ಒಂದೇ ಏಟಿಗೆ. ಆದರೆ ಕರೆಂಟ್ ಹೋಯ್ತು ಅಂತಿಟ್ಕೋ."

"ಇಲ್ಲಿ ಅದನ್ನ ಇಟ್ಕೋಬೇಕಿಲ್ಲ, ಹೋಗೇ ಹೋಗತ್ತೆ."

"ಪ್ರೊಸೆಸ್ ಸತ್ತಿರತ್ತೆ, ಟವೆಲ್ ಡಿಸ್ಕಿನ ಮೇಲೆ ಹಾಗೇ ಬಿದ್ದಿರತ್ತೆ. ಒಳಗೆ ಪಿಐಡಿ, ಅಂದ್ರೆ ಪ್ರೊಸೆಸ್ಸಿನ ನಂಬರು, ಬರೆದಿಟ್ಟಿದ್ರೂ ನಂಬೋ ಹಾಗಿಲ್ಲ. ಆ ನಂಬರು ಅಷ್ಟರಲ್ಲಿ ಇನ್ನೊಂದು ಪ್ರೊಸೆಸ್ಸಿಗೆ ಹೋಗಿರಬಹುದು. ಫ್ಲಾಕ್‌ನಲ್ಲಿ ಆ ಗೋಳಿಲ್ಲ. ಕಿಲ್ ಮೈನಸ್ 9 ಹೊಡೆದು ಪ್ರೊಸೆಸ್ ಕೊಂದರೂ ಫೈಲ್ ಮುಚ್ಚಿಕೊಳ್ಳತ್ತೆ, ಲಾಕ್ ಬಿಟ್ಟುಕೊಳ್ಳತ್ತೆ. ಒಂದೇ ಎಚ್ಚರ: ನಿನ್ನ ಸ್ಕ್ರಿಪ್ಟು ಹಿನ್ನೆಲೆಯಲ್ಲಿ ಒಂದು ಮರಿ ಪ್ರೊಸೆಸ್ ಬಿಟ್ಟು ಹೋದರೆ, ತೆರೆದ ಫೈಲೂ ಆ ಮರಿಯ ಪಾಲಿಗೆ ಬಂದಿರತ್ತೆ. ಅಪ್ಪ ಇಳಿದು ಹೋದ, ಟವೆಲ್ ಮಗನ ಹೆಗಲ ಮೇಲೆ. ಅದಕ್ಕೆ ಮೈನಸ್ ಓ ಹಾಕು. ಆಗ ಲಾಕ್ ಹಿಡಿಯೋದು ಫ್ಲಾಕ್ ಮಾತ್ರ, ಸ್ಕ್ರಿಪ್ಟಿಗೆ ಅದರ ಗಾಳಿಯೂ ಸೋಕಲ್ಲ."

"ಕೆಲಸ ಆದ ಮೇಲೆ ಆ ಲಾಕ್ ಫೈಲ್ ಅಳಿಸ್ಲಾ? ಕಸ ಯಾಕೆ?" ಗುಂಡ ಆಗಲೇ ಟೈಪ್ ಮಾಡತೊಡಗಿದ್ದ.

"ಮುಟ್ಟಿದ್ರೆ ಕೈ ಮುರೀತೀನಿ! ಲಾಕ್ ಇರೋದು ಹೆಸರಿನ ಮೇಲಲ್ಲ, ಐನೋಡ್ ಮೇಲೆ, ಅಂದ್ರೆ ಹೆಸರಿನ ಹಿಂದಿರೋ ಅಸಲಿ ಫೈಲಿನ ಮೇಲೆ. ನೀನು ಅಳಿಸಿದ್ರೆ, ಹಿಡಿದುಕೊಂಡಿದ್ದೋನು ಹಳೇ ಐನೋಡ್ ಹಿಡಿದೇ ಇರ್ತಾನೆ. ಮುಂದಿನೋನು ಅದೇ ಹೆಸರಲ್ಲಿ ಹೊಸ ಫೈಲ್ ಮಾಡಿ ಅದಕ್ಕೆ ಲಾಕ್ ಹಾಕ್ತಾನೆ. ಇಬ್ಬರಿಗೂ ಸಿಕ್ತು! ಸೊನ್ನೆ ಬೈಟಿನ ಫೈಲ್ ಅಲ್ಲೇ ಬಿದ್ದಿರಲಿ ಬಿಡು, ಬಾಡಿಗೆ ಕೇಳಲ್ಲ. ಇನ್ನೊಂದು: ರಿಪೋರ್ಟ್ ಫೈಲಿಗೇ ಲಾಕ್ ಹಾಕಬೇಡ. ಹೊಸದಾಗಿ ಬರೆದು ರಿನೇಮ್ ಮಾಡಿದೆ ಅಂದ್ರೆ ಅಲ್ಲೂ ಇದೇ ಕತೆ."

"ಕೋಡಿನ ಇತಿಹಾಸ ಇಡೋ ಗಿಟ್‌ನಲ್ಲಿ ಇಂಡೆಕ್ಸ್ ಡಾಟ್ ಲಾಕ್ ಫೈಲನ್ನ ನಾನು ದಿನಾ ಅಳಿಸ್ತೀನಿ," ಮೋಹನ ಹೆಮ್ಮೆಯಿಂದ ಅಂದ.

"ಗೊತ್ತು. ಅದು ಬೇರೆ ಜಾತಿ, ಫೈಲ್ ಇರೋದೇ ಲಾಕು. ಎಲ್‌ಎಸ್‌ಲಾಕ್ಸ್ ಕೊಟ್ರೂ ಕಾಣಲ್ಲ, ಅದು ತೋರಿಸೋದು ಕರ್ನೆಲ್ ಲಾಕ್ ಮಾತ್ರ. ಪಿಎಸ್ ಕೊಟ್ಟು ಯಾವುದಾದ್ರೂ ಗಿಟ್ ಓಡ್ತಿದ್ಯಾ ನೋಡಿ ಆಮೇಲೆ ಅಳಿಸಬೇಕು. ನೀನು ನೋಡ್ತೀಯಾ?"

ಮೋಹನ ಕಡಲೆಕಾಯಿಗೆ ಕೈ ಹಾಕಿದ.

ಪದ್ದಕ್ಕನಿಗೆ ಬೇರೆಯೇ ಅನುಮಾನ. "ಟವೆಲ್ ಕಂಡೂ ಕಾಣದ ಹಾಗೆ ಕೂತರೆ ಏನು ಮಾಡ್ತೀಯೋ ಶೀನ? ಬ್ಯಾಂಕಲ್ಲಿ ನಮ್ಮ ಎಕ್ಸೆಲ್ ಹಾಗಲ್ಲಪ್ಪ. ಯಾರಾದ್ರೂ ತೆಗೆದಿಟ್ಟು ಊಟಕ್ಕೆ ಹೋದ್ರೆ ಇಡೀ ಸೆಕ್ಷನ್ ಕೈ ಕಟ್ಟಿ ಕೂರಬೇಕಿತ್ತು."

"ಅದು ವಿಂಡೋಸ್ ಅಕ್ಕ, ಕಂಡಕ್ಟರ್ ಕತ್ತು ಹಿಡಿದು ತಳ್ತಾನೆ. ಲಿನಕ್ಸಲ್ಲಿ ಇದು ಬರೀ ಸಲಹೆ. ಲಾಕ್ ಕೇಳದೆ ನೇರ ಬರೆಯೋನನ್ನ ಯಾರೂ ತಡೆಯಲ್ಲ. ಕಡ್ಡಾಯದ ಲಾಕೂ ಇತ್ತು, ಬಳಸೋರೇ ಇರಲಿಲ್ಲ. 2021ರಲ್ಲಿ, 5.15ರ ಕರ್ನೆಲ್‌ನಲ್ಲಿ ಕಿತ್ತೇ ಹಾಕಿದ್ರು."

"ಯುನಿಕ್ಸ್ ಮಾನದಂಡದ ಪೋಸಿಕ್ಸ್ ಲಾಕ್ ಒಳ್ಳೇದು ಅಂತಾರಲ್ಲ?" ಗುಂಡ ಕೊನೆಯ ಅಸ್ತ್ರ ಬಿಟ್ಟ.

"ಫೈಲಿನ ಒಂದು ತುಂಡಿಗೆ ಮಾತ್ರ ಲಾಕ್ ಬೇಕಂದ್ರೆ ಒಳ್ಳೇದೇ. ಆದ್ರೆ ಒಂದು ವಿಚಿತ್ರ ಇದೆ. ಅದೇ ಪ್ರೊಸೆಸ್‌ನಲ್ಲಿ ಯಾವುದೋ ಲೈಬ್ರರಿ ಅದೇ ಫೈಲನ್ನ ಓದೋಕೆ ತೆರೆದು ಮುಚ್ಚಿತು ಅನ್ನು, ಆ ಫೈಲಿನ ಮೇಲೆ ನೀನು ಹಾಕಿದ್ದ ಲಾಕೆಲ್ಲ ಢಮಾರ್. ಮಗು ತನ್ನ ಕರ್ಚೀಫ್ ಎತ್ಕೊಂಡಿದ್ದಕ್ಕೆ ಮನೆಮಂದಿಯ ಟವೆಲ್ಲೆಲ್ಲ ಮಾಯ! ಇದಕ್ಕೆ 2014ರಲ್ಲಿ, 3.15ರ ಕರ್ನೆಲ್‌ನಲ್ಲಿ, ಓಎಫ್‌ಡಿ ಲಾಕ್ ಅಂತ, ತೆರೆದ ಫೈಲಿಗೇ ಅಂಟಿಕೊಳ್ಳೋ ಬೇರೆಯದೇ ತರಬೇಕಾಯ್ತು."

ಗುಂಡ ಲ್ಯಾಪ್‌ಟಾಪ್ ಮುಚ್ಚಿದ. "ಒಂದು ಸಾಲು. ಇದನ್ನ ರಿವ್ಯೂನಲ್ಲಿ ಹೇಗೆ ಹೇಳಲಿ ಅಣ್ಣ? ಐದು ಸರ್ವರ್ ಅಂದ್ರೆ ಆರ್ಕಿಟೆಕ್ಟ್ ಅಂತಾರೆ. ಫ್ಲಾಕ್ ಅಂದ್ರೆ ಸುಮ್ನೆ ಕೂತ್ಕೋ ಅಂತಾರೆ."

ಅದಕ್ಕೆ ಶೀನಣ್ಣನ ಹತ್ತಿರವೂ ಉತ್ತರವಿರಲಿಲ್ಲ. ಕಡಲೆಕಾಯಿ ಸಿಪ್ಪೆ ಕೊಡವಿ ಅಂದರು, "ಟವೆಲ್ ನೋಡಿದೋರು ಕೇಳ್ತಿದ್ರು ಅಕ್ಕ, ಇಲ್ಲಿ ಯಾರಾದ್ರೂ ಇದ್ದಾರಾ ಅಂತ. ಎಲ್ಲಾ ನಡೀತಿದ್ದಿದ್ದು ಆ ಒಂದು ಮಾತಲ್ಲಿ."

ವಾಕಿಂಗ್ ಮುಗಿಸಿದ ಅಪರಿಚಿತರೊಬ್ಬರು ಬೆವರೊರೆಸಿಕೊಳ್ಳುತ್ತ ಬೆಂಚಿನ ತುದಿಗೆ ಬಂದು ನಿಂತರು. ಚೀಲ ನೋಡಿದರು.

"ಇಲ್ಲಿ ಯಾರಾದ್ರೂ ಬರ್ತಾರಾ?"

"ಸ್ಟೇಲ್ ಲಾಕ್ ಸಾರ್, ತೆಗೆದು ಕೂತ್ಕೊಳ್ಳಿ," ಮೋಹನ ಅಂದ.

"ಸುಮ್ನಿರೋ," ಶೀನಣ್ಣ ಗದರಿದರು. "ಪ್ರೊಸೆಸ್ ಸತ್ತಿಲ್ಲ. ಸ್ಲೀಪ್‌ನಲ್ಲಿದೆ."

ಪದ್ದಕ್ಕ ಒಂದು ಕ್ಷಣ ಗೇಟಿನ ಕಡೆ ನೋಡಿದರು. ಆಮೇಲೆ ಚೀಲ ಎತ್ತಿ ತೊಡೆ ಮೇಲಿಟ್ಟುಕೊಂಡರು.

"ಕೂತ್ಕೊಳ್ಳಿ. ಅವರು ಬಂದ್ರೆ ಎದ್ದೇಳ್ತೀರಿ ತಾನೇ?"