ನಿವೃತ್ತಿಯ ನಂತರ ಪೋರ್ಚುಗಲ್‌ನಲ್ಲಿ ನೆಲೆಸುವುದು: ಸ್ಟೆಂಟ್, ಶುಗರ್ ಇರುವವರು ಮೊದಲು ಏನು ನೋಡಬೇಕು?

ಮುಂಜಾವು:

ಎಲ್ಲರಿಗೂ ನಮಸ್ಕಾರ. ನನಗೆ 64, ಹೆಂಡತಿಗೆ 61. ಇಬ್ಬರೂ ನಿವೃತ್ತರು. ಪೋರ್ಚುಗಲ್‌ಗೆ ಹೋಗಿ ಕಡಲತೀರದಲ್ಲಿ ನೆಲೆಸಬೇಕು ಅನ್ನುವುದು ಬಹಳ ದಿನದ ಆಸೆ. ಪಿಂಚಣಿ ತೋರಿಸಿ ಪಡೆಯುವ ಡಿ7 ವೀಸಾಗೆ ಕಾಗದಪತ್ರ ಜೋಡಿಸುತ್ತಿದ್ದೇವೆ.

ಎರಡು ವರ್ಷದ ಹಿಂದೆ ನನ್ನ ಹೃದಯದ ರಕ್ತನಾಳಕ್ಕೆ ಒಂದು ಸ್ಟೆಂಟ್ ಹಾಕಿದ್ದಾರೆ. ಹೆಂಡತಿಗೆ 14 ವರ್ಷದಿಂದ ಶುಗರ್ ಇದೆ, ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಮೊನ್ನೆ ಒಂದು ಮನೆ ನೋಡಿದೆವು. ಗುಡ್ಡದ ಮೇಲಿದೆ, ಕಿಟಕಿ ತೆರೆದರೆ ಸಮುದ್ರ. ವೀಸಾಗೆ ಮನೆಯ ದಾಖಲೆ ಬೇಕೇ ಬೇಕು, ಬೇಗ ಮುಂಗಡ ಕೊಡಿ ಎಂದು ಮನೆ ತೋರಿಸಿದವರು ಒತ್ತಾಯ ಮಾಡುತ್ತಿದ್ದಾರೆ.

ಈಗಾಗಲೇ ಕಾಯಿಲೆ ಇರುವ ನಮ್ಮಂಥವರಿಗೆ ಅಲ್ಲಿ ವಿಮೆ ಸಿಗುತ್ತದೆಯೇ? ಸರ್ಕಾರಿ ಆಸ್ಪತ್ರೆ ನಂಬಿಕೊಂಡು ಹೋಗಬಹುದೇ? ಅಲ್ಲಿ ಇರುವವರು ದಯವಿಟ್ಟು ಹೇಳಿ.

ಅಲೆಯಂಚು:

ಮುಂಜಾವು ಅವರೇ, ಮುಂಗಡ ಮಾತ್ರ ಈಗಲೇ ಕೊಡಬೇಡಿ. ಉಳಿದದ್ದು ನಿಧಾನವಾಗಿ ಹೇಳುತ್ತೇನೆ.

ನಾವು ಇಲ್ಲಿಗೆ ಬಂದು ಆರು ವರ್ಷ ಆಯಿತು. ಲಿಸ್ಬನ್ನಿನಿಂದ ಉತ್ತರಕ್ಕೆ, ಕಡಲ ಪಕ್ಕದ ಒಂದು ಸಣ್ಣ ಊರು. ನನಗೀಗ 67, ನಮ್ಮ ಯಜಮಾನರಿಗೆ 71. ನಮ್ಮ ಮೊದಲ ಮನೆಯೂ ಗುಡ್ಡದ ಮೇಲೆಯೇ ಇತ್ತು. ಎರಡನೇ ವರ್ಷ ಒಂದು ರಾತ್ರಿ ಎರಡು ಗಂಟೆಗೆ ಅವರಿಗೆ ಎದೆನೋವು ಶುರುವಾಯಿತು. ಬೆವರು, ಎಡಗೈ ಜೋಮು. ನಾನು ಕೈಕಾಲು ಆಡದೆ ನಿಂತೆ. ಆಮೇಲೆ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಓಡಿಸಿದೆ. ಅಲ್ಲಿ ಇಸಿಜಿ ಮಾಡಿದರು, ಹಾರ್ಟ್ ಅಟ್ಯಾಕ್ ಅಂದರು. ಆದರೆ ಆ ಆಸ್ಪತ್ರೆಯಲ್ಲಿ ಆಂಜಿಯೊಪ್ಲಾಸ್ಟಿ, ಅಂದರೆ ಕಟ್ಟಿಕೊಂಡ ರಕ್ತನಾಳ ತೆರೆಯುವ ಚಿಕಿತ್ಸೆ, ಮಾಡುವ ವ್ಯವಸ್ಥೆಯೇ ಇರಲಿಲ್ಲ. ಅಲ್ಲಿಂದ ಆಂಬ್ಯುಲೆನ್ಸ್ ಬಂದು ಬೇರೆ ಊರಿಗೆ ಕರೆದೊಯ್ಯುವ ಹೊತ್ತಿಗೆ ಬೆಳಗಾಗುತ್ತಿತ್ತು. ಜೀವ ಉಳಿಯಿತು. ಹೃದಯದ ಒಂದು ಭಾಗ ಸೋತಿತು. ಈಗಲೂ ಮೆಟ್ಟಿಲು ಹತ್ತಿದರೆ ಅವರಿಗೆ ಏದುಸಿರು ಬರುತ್ತದೆ.

ಇಲ್ಲಿ ಹೃದಯಾಘಾತಕ್ಕೆ ಅಂತಲೇ ಒಂದು ದಾರಿ ಇದೆ, 'ವಿಯಾ ವೆರ್ದ್ ಕೊರೊನಾರಿಯಾ' ಎನ್ನುತ್ತಾರೆ. 112ಕ್ಕೆ ಫೋನ್ ಮಾಡಿದರೆ, ಬರುವ ತಂಡ ಮನೆಯಲ್ಲೇ ಇಸಿಜಿ ನೋಡಿ, ಆಂಜಿಯೊಪ್ಲಾಸ್ಟಿ ಮಾಡುವ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯುತ್ತದೆ. ಹತ್ತಿರದ ಆಸ್ಪತ್ರೆಗಲ್ಲ, ಸರಿಯಾದ ಆಸ್ಪತ್ರೆಗೆ. ಇದನ್ನು ನನಗೆ ಯಾರಾದರೂ ಬಂದ ಮೊದಲ ವಾರವೇ ಹೇಳಬೇಕಿತ್ತು. ಅದಕ್ಕೇ ನಿಮಗೆ ಮೊದಲು ಇದನ್ನೇ ಹೇಳುತ್ತಿದ್ದೇನೆ. ಎದೆನೋವು ಬಂದರೆ ಕಾರಿನ ಕೀಲಿ ಮುಟ್ಟಬೇಡಿ, 112ಕ್ಕೆ ಫೋನ್ ಮಾಡಿ.

ಹಾಗಾಗಿ ಮನೆ ನೋಡುವ ಮುಂಚೆ ಆಸ್ಪತ್ರೆ ನೋಡಿ. ದಿನದ 24 ಗಂಟೆಯೂ ಆಂಜಿಯೊಪ್ಲಾಸ್ಟಿ ಮಾಡುವ ಆಸ್ಪತ್ರೆ ಯಾವುದು, ಅಲ್ಲಿಂದ ನಿಮ್ಮ ಮನೆಗೆ ಎಷ್ಟು ನಿಮಿಷ, ಆಂಬ್ಯುಲೆನ್ಸ್ ನಿಮ್ಮ ಬಾಗಿಲ ತನಕ ಬರುತ್ತದೆಯೇ? ನಮ್ಮ ಹಳೆಯ ಮನೆಗೆ ಕೊನೆಯ ನೂರು ಮೀಟರ್ ಬರೀ ಮೆಟ್ಟಿಲು. ಬಂದ ಹೊಸದರಲ್ಲಿ ಅದು ಚೆಂದ ಕಾಣುತ್ತಿತ್ತು.

ವೀಸಾಗೆ ಮನೆ ಕೊಂಡೇ ಇರಬೇಕು ಎಂದೇನಿಲ್ಲ. ಒಂದು ವರ್ಷದ ಬಾಡಿಗೆ ಕರಾರು ಸಾಕಾಗುತ್ತದೆ. ಆದಾಯದ ಲೆಕ್ಕ ಇಲ್ಲಿಯ ಕನಿಷ್ಠ ವೇತನದ ಮೇಲೆ ನಿಂತಿದೆ. 2025ರಲ್ಲಿ ಅದು ತಿಂಗಳಿಗೆ 870 ಯೂರೋ, ಜೊತೆಗೆ ಸಂಗಾತಿಗೆ ಅದರ ಅರ್ಧ. ಅಂದರೆ ಇಬ್ಬರಿಗೆ ತಿಂಗಳಿಗೆ 1,305 ಯೂರೋ ತೋರಿಸಬೇಕಿತ್ತು. ಪ್ರತಿ ವರ್ಷ ಬದಲಾಗುತ್ತದೆ, ನೀವು ಅರ್ಜಿ ಹಾಕುವ ವರ್ಷದ್ದು ನೋಡಿ. ಇದು ವೀಸಾಗೆ ಬೇಕಾದ ಕನಿಷ್ಠ ಅಷ್ಟೇ. ಕಾಯಿಲೆ ಇರುವ ಇಬ್ಬರು ಇಷ್ಟರಲ್ಲಿ ನೆಮ್ಮದಿಯಾಗಿ ಬದುಕುವುದು ಕಷ್ಟ.

ವಿಮೆಯ ವಿಷಯ. ಖಾಸಗಿ ವಿಮೆ ಕೊಡುತ್ತಾರೆ, ಆದರೆ ಈಗಾಗಲೇ ಇರುವ ಕಾಯಿಲೆಯನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ. ನಿಮಗೆ ಹೃದಯ ಬಿಟ್ಟು, ನಿಮ್ಮ ಮನೆಯವರಿಗೆ ಶುಗರ್ ಬಿಟ್ಟು ಮಿಕ್ಕಿದ್ದಕ್ಕೆ ವಿಮೆ. ಇನ್ನೊಂದು, 65 ಅಥವಾ 70 ದಾಟಿದವರನ್ನು ಹಲವು ಕಂಪನಿಗಳು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ನಿಮಗೆ 64, ಆದ್ದರಿಂದ ಈ ಕೆಲಸ ಮುಂದೆ ಹಾಕಬೇಡಿ. ಅರ್ಜಿಯಲ್ಲಿ ಸ್ಟೆಂಟ್ ವಿಷಯ ಮುಚ್ಚಿಡಲೂಬೇಡಿ. ಪಕ್ಕದ ಬೀದಿಯ ಒಬ್ಬ ಹಿರಿಯರು ಬಿಪಿ ಇರುವುದನ್ನು ಬರೆದಿರಲಿಲ್ಲ. ಪಾರ್ಶ್ವವಾಯು ಆದಾಗ ಕಂಪನಿ ಹಳೆಯ ದಾಖಲೆ ತೆಗೆದು ನೋಡಿ ಹಣ ಕೊಡಲಿಲ್ಲ.

ಸರ್ಕಾರಿ ವ್ಯವಸ್ಥೆಗೆ ಇಲ್ಲಿ 'ಎಸ್‌ಎನ್‌ಎಸ್' ಎನ್ನುತ್ತಾರೆ, 1979ರಿಂದ ಇದೆ. ಹಳೆಯ ಕಾಯಿಲೆ ಇದೆಯಾ ಅಂತ ಅದು ಯಾರನ್ನೂ ಹೊರಗಿಡುವುದಿಲ್ಲ. ನಮ್ಮಂಥವರಿಗೆ ನಿಜವಾದ ಆಸರೆ ಅದೇ. ವಾಸದ ಕಾರ್ಡ್ ಕೈಗೆ ಬಂದ ಮೇಲೆ ನಿಮ್ಮ ಪ್ರದೇಶದ 'ಸೆಂತ್ರು ದ್ ಸೌದ್', ಅಂದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಹೆಸರು ಬರೆಸಿ 'ಉತೆಂತ್' ಸಂಖ್ಯೆ, ಅಂದರೆ ಎಸ್‌ಎನ್‌ಎಸ್ ಬಳಸುವವರ ಸಂಖ್ಯೆ, ತೆಗೆದುಕೊಳ್ಳಬೇಕು. 2022ರಿಂದ ಹೆಚ್ಚಿನ ಸೇವೆಗಳಿಗೆ ಶುಲ್ಕ ತೆಗೆದುಹಾಕಿದ್ದಾರೆ.

ಆದರೆ ಎರಡು ತೊಡಕು ಇವೆ. ಡಿ7 ವೀಸಾ ಇರುವುದು ನಾಲ್ಕು ತಿಂಗಳಿಗೆ, ಅಷ್ಟರಲ್ಲಿ ಬಂದು ವಾಸದ ಕಾರ್ಡ್ ಮಾಡಿಸಬೇಕು. ಆ ಕಾರ್ಡ್ ಬರಲು ಎಷ್ಟೋ ಸಲ ತಿಂಗಳುಗಟ್ಟಲೆ ಆಗುತ್ತದೆ. ಆ ನಡುವಿನ ದಿನಗಳಿಗೆ ವಿಮೆಯೂ ಇರಲಿ, ಕೈಯಲ್ಲಿ ದುಡ್ಡೂ ಇರಲಿ. ಎರಡನೆಯದು ಕುಟುಂಬ ವೈದ್ಯರ ಕೊರತೆ. ಲಿಸ್ಬನ್ ಸುತ್ತಮುತ್ತ, ದಕ್ಷಿಣದ ಅಲ್ಗಾರ್ವ್‌ನಲ್ಲಿ ತಮ್ಮದೇ ವೈದ್ಯರಿಲ್ಲದ ಜನ ಬಹಳ ಇದ್ದಾರೆ. ಮನೆ ಒಪ್ಪುವ ಮುಂಚೆ ಆ ಊರಿನ ಆರೋಗ್ಯ ಕೇಂದ್ರಕ್ಕೇ ಹೋಗಿ ಕೇಳಿ, ಹೊಸಬರಿಗೆ ವೈದ್ಯರನ್ನು ಕೊಡುತ್ತಿದ್ದಾರಾ ಅಂತ. ಇಲ್ಲ ಅಂದರೆ ಪಕ್ಕದ ಊರು ನೋಡಿ.

ಔಷಧಿಡಬ್ಬಿ:

ಅಲೆಯಂಚು ಮೇಡಂ, ಓದಿ ಮನಸ್ಸು ಭಾರವಾಯಿತು. ನಿಮ್ಮ ಯಜಮಾನರು ಚೆನ್ನಾಗಿರಲಿ.

ಮುಂಜಾವು ಸರ್, ನಾನು 30 ವರ್ಷ ಫಾರ್ಮಸಿಸ್ಟ್ ಆಗಿದ್ದವನು. ಮಾತ್ರೆ ವಿಷಯ ಮಾತ್ರ ಹೇಳುತ್ತೇನೆ. ಕಂಪನಿ ಇಟ್ಟ ಹೆಸರು ದೇಶ ದಾಟಿದರೆ ಉಪಯೋಗಕ್ಕೆ ಬರುವುದಿಲ್ಲ. ಮಾತ್ರೆಯೊಳಗಿನ ಔಷಧಿಯ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಅನ್ನುವುದನ್ನು ವೈದ್ಯರ ಕೈಯಲ್ಲೇ ಬರೆಸಿಕೊಳ್ಳಿ. ಕೆಲವು ಔಷಧಿಗಳಿಗೆ ಆ ಹೆಸರೂ ಎರಡಿರುತ್ತವೆ. ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸೆಟಮಿನೊಫೆನ್. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಸೇರಿದ್ದರೆ ಅದೇ ಜೋಡಿ ಅಲ್ಲಿ ಸಿಗದೇ ಹೋಗಬಹುದು. ಹೊರಡುವ ಕೆಲವು ತಿಂಗಳು ಮುಂಚೆಯೇ ಬಿಡಿ ಮಾತ್ರೆಗೆ ಬದಲಾಯಿಸಬಹುದಾ ಎಂದು ವೈದ್ಯರನ್ನು ಕೇಳಿ.

ಇನ್ಸುಲಿನ್ ಕೈಚೀಲದಲ್ಲೇ ಇರಲಿ. ವಿಮಾನದ ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಇಟ್ಟರೆ ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸಬಾರದು. ಪೋರ್ಚುಗಲ್‌ನಲ್ಲಿ ಎಸ್‌ಎನ್‌ಎಸ್ ವೈದ್ಯರು ಬರೆದುಕೊಟ್ಟರೆ ಇನ್ಸುಲಿನ್ನಿನ ಪೂರ್ತಿ ಹಣ ಸರ್ಕಾರವೇ ಕೊಡುತ್ತದೆ. ನಿಮ್ಮ ಹಳೆಯ ವೈದ್ಯರ ಚೀಟಿಗೆ ಅದು ಸಿಗುವುದಿಲ್ಲ.

ಶುಗರ್ ಅಳತೆ ಬಗ್ಗೆಯೂ ಎಚ್ಚರ ಇರಲಿ. ಪೋರ್ಚುಗಲ್, ಸ್ಪೇನ್‌ನಲ್ಲಿ ನಾವು 126, 180 ಎಂದು ಹೇಳುವ ಲೆಕ್ಕವೇ. ಆದರೆ ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಅದನ್ನೇ 7, 10 ಅನ್ನುತ್ತಾರೆ. 18ರಿಂದ ಭಾಗಿಸಿದರೆ ಆ ಲೆಕ್ಕ ಸಿಗುತ್ತದೆ. ಬೇರೆ ದೇಶದ ಮೀಟರ್ ಕೊಂಡು, 10 ನೋಡಿ ಶುಗರ್ ಇಳಿದುಹೋಯಿತು ಎಂದು ಸಕ್ಕರೆ ತಿಂದವರನ್ನು ನಾನೇ ಕಂಡಿದ್ದೇನೆ.

ನಿಮ್ಮ ಸ್ಟೆಂಟ್ ಕಾರ್ಡ್ ಸದಾ ಪರ್ಸಿನಲ್ಲಿರಲಿ. ಆಂಜಿಯೊಗ್ರಾಂನ ವರದಿ ಮಾತ್ರ ಸಾಲದು, ಚಿತ್ರಗಳನ್ನೂ ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆಯಿರಿ. ರಕ್ತ ತೆಳುವಾಗಿಡುವ ಮಾತ್ರೆಯನ್ನು ಪ್ರಯಾಣದ ಗಡಿಬಿಡಿಯಲ್ಲಿ ಒಂದು ದಿನವೂ ಬಿಡಬೇಡಿ.

ಕಿತ್ತಳೆತೋಟ:

ನಾನು ಸ್ಪೇನ್‌ನ ವಲೆನ್ಸಿಯಾದಲ್ಲಿದ್ದೇನೆ. ಹೋಲಿಸಿ ನೋಡಲು ಬೇಕಾಗಬಹುದು ಎಂದು ಬರೆಯುತ್ತಿದ್ದೇನೆ. ಇಲ್ಲಿ ನಿವೃತ್ತರ ವೀಸಾಗೆ ತಿಂಗಳಿಗೆ 2,400 ಯೂರೋ ಆದಾಯ, ಜೊತೆಗಿರುವವರಿಗೆ ಇನ್ನೂ 600 ತೋರಿಸಬೇಕು. ಖಾಸಗಿ ವಿಮೆ ಕಡ್ಡಾಯ, ಅದೂ ಚಿಕಿತ್ಸೆಯ ಹೊತ್ತಿಗೆ ನಾವು ಪಾಲು ಕೊಡುವಂಥದ್ದಲ್ಲ. ಒಂದು ವರ್ಷ ವಾಸವಾದ ಮೇಲೆ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ತಿಂಗಳ ಹಣ ಕಟ್ಟಿ ಸೇರಬಹುದು. 65ರ ಒಳಗಿನವರಿಗೆ 60 ಯೂರೋ, ಮೇಲಿನವರಿಗೆ 157. ಹಳೆಯ ಕಾಯಿಲೆಗೂ ಚಿಕಿತ್ಸೆ ಸಿಗುತ್ತದೆ. ಆದರೆ ಮಾತ್ರೆಗೆ ಪೂರ್ತಿ ಬೆಲೆ ನಾವೇ ಕೊಡಬೇಕು. ಇನ್ಸುಲಿನ್ ಇರುವ ಮನೆಗೆ ಇದು ಸಣ್ಣ ಮಾತಲ್ಲ, ಅಲ್ವಾ?

ಮುಂಜಾವು:

ಎಲ್ಲರಿಗೂ ಮನಸಾರೆ ಧನ್ಯವಾದ. ಮುಂಗಡ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನಿಮ್ಮ ಉತ್ತರಗಳನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು. "ನಿಮಗೆ ಏನಾದರೂ ಆದರೆ ಭಾಷೆ ಬಾರದ ಊರಲ್ಲಿ ನಾನೊಬ್ಬಳೇ ಏನು ಮಾಡಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲೆಯಂಚು ಮೇಡಂ, ನೀವು ಹೇಗೆ ನಿಭಾಯಿಸಿದಿರಿ?

ಅಲೆಯಂಚು:

ನಿಮ್ಮ ಮನೆಯವರು ಕೇಳಿದ್ದೇ ಸರಿಯಾದ ಪ್ರಶ್ನೆ. ಇದನ್ನು ಅವರಿಗೇ ಓದಲು ಕೊಡಿ.

ತಂಗಿ, ನಮ್ಮವರು ಐಸಿಯುನಲ್ಲಿದ್ದ ಒಂಬತ್ತು ದಿನ ನಾನೂ ಒಬ್ಬಳೇ ಇದ್ದೆ. ವೈದ್ಯರು ಇಂಗ್ಲಿಷ್ ಮಾತಾಡುತ್ತಿದ್ದರು. ರಾತ್ರಿ ಪಾಳಿಯ ನರ್ಸ್, ಆಂಬ್ಯುಲೆನ್ಸ್‌ನವರು, ಕೌಂಟರಿನಲ್ಲಿ ಕೂತವರಿಗೆ ಅಷ್ಟು ಬರುತ್ತಿರಲಿಲ್ಲ. ಆಮೇಲೆ ನಾನು ವಾರಕ್ಕೆ ಎರಡು ದಿನ ಪಾಠಕ್ಕೆ ಸೇರಿದೆ. ನೀನು ಬರುವ ಮುಂಚೆಯೇ ಶುರು ಮಾಡು. ವ್ಯಾಕರಣ ಆಮೇಲೆ ಕಲಿತರಾಯಿತು. ಮೊದಲು ನಿಮ್ಮ ವಿಳಾಸವನ್ನು ಫೋನಿನಲ್ಲಿ ಸ್ಪಷ್ಟವಾಗಿ ಹೇಳುವುದನ್ನು ಕಲಿ, ಅಂಕಿಗಳನ್ನು ಕಲಿ. ಆಮೇಲೆ 'ದೋರ್ ನು ಪೈತು', ಅಂದರೆ ಎದೆನೋವು. ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಕಾಗದ ಅಂಟಿಸಿದ್ದೇನೆ. ವಿಳಾಸ, 112, ಇಬ್ಬರ ಕಾಯಿಲೆ, ಮಾತ್ರೆ, ಅಲರ್ಜಿ, ಎಲ್ಲ ಪೋರ್ಚುಗೀಸಿನಲ್ಲಿದೆ. ಪಾಠ ಹೇಳುವವರೇ ತಿದ್ದಿಕೊಟ್ಟರು.

ತುರ್ತು ವಿಭಾಗಕ್ಕೆ ಹೋದಾಗ ಕೈಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ. ಕೆಂಪು ಅಂದರೆ ತಕ್ಷಣ, ಕಿತ್ತಳೆ 10 ನಿಮಿಷ, ಹಳದಿ 60, ಹಸಿರು 120, ನೀಲಿ 240. ಇದು ಅವರು ಇಟ್ಟುಕೊಂಡ ಗುರಿ, ಜನ ಜಾಸ್ತಿ ಇದ್ದರೆ ಇನ್ನೂ ತಡವಾಗುತ್ತದೆ. ಒಮ್ಮೆ ನನ್ನ ಕಾಲಿಗೆ ಸೋಂಕಾಗಿ ಹೋದಾಗ ಹಸಿರು ಕಟ್ಟಿದರು, ಆರು ಗಂಟೆ ಕೂತೆ. ಪಟ್ಟಿ ಕಟ್ಟುವವರ ಮುಂದೆ ಶುಗರ್ ಇದೆ, ಇನ್ಸುಲಿನ್ ಇದೆ ಎಂದು ಬಾಯಿಬಿಟ್ಟು ಹೇಳು. ಕೂತಿರುವಾಗ ಪರಿಸ್ಥಿತಿ ಕೆಟ್ಟರೆ ಎದ್ದು ಹೋಗಿ ಮತ್ತೆ ನೋಡಲು ಕೇಳು. ಸುಮ್ನೆ ಕೂರಬೇಡ.

ಉತೆಂತ್ ಸಂಖ್ಯೆ ಬಂದ ಮೇಲೆ ಇಬ್ಬರೂ 'ತೆಸ್ತಮೆಂತು ವಿತಾಲ್' ಮಾಡಿಸಿ. ನಾಳೆ ನಮಗೆ ಮಾತಾಡಲು ಆಗದಿದ್ದರೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ, ನಮ್ಮ ಪರವಾಗಿ ಯಾರು ನಿರ್ಧರಿಸಬೇಕು ಎಂದು ಬರೆದಿಡುವ ಕಾಗದ ಅದು. 2012ರ ಕಾನೂನಿನಲ್ಲಿದೆ, ಐದು ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ಬ್ಯಾಂಕಿನ ಖಾತೆ ಇಬ್ಬರ ಹೆಸರಲ್ಲೂ ಇರಲಿ. ನಮ್ಮದು ಅವರೊಬ್ಬರ ಹೆಸರಲ್ಲಿತ್ತು. ಆ ಒಂಬತ್ತು ದಿನ ನಾನು ಪಕ್ಕದ ಮನೆಯವರ ಹತ್ತಿರ ಸಾಲ ಮಾಡಿ ಓಡಾಡಿದೆ.

ಮುಂಜಾವು ಅವರೇ, ಆಗುವುದಾದರೆ ಮೊದಲು ಒಂದು ಚಳಿಗಾಲ ಬಂದು ಇದ್ದು ನೋಡಿ. ಸುಮ್ಮನೆ ನೋಡಲು ಬರುವವರಿಗೆ 180 ದಿನದಲ್ಲಿ 90 ದಿನ ಇರಲು ಅವಕಾಶವಿದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಬೆಚ್ಚಗಿಡುವ ವ್ಯವಸ್ಥೆ ಇರುವುದಿಲ್ಲ. ಜನವರಿಯಲ್ಲಿ ಒಳಗೆ ಹೊರಗಿಗಿಂತ ಜಾಸ್ತಿ ಚಳಿ, ಗೋಡೆಯಲ್ಲಿ ಬೂಷ್ಟು. ಬೇಸಿಗೆಯಲ್ಲಿ ನೋಡಿದ ಮನೆಯಲ್ಲಿ ಇದೊಂದೂ ಕಾಣುವುದಿಲ್ಲ. ನಿಮಗೆ ಊರಲ್ಲಿ ಈಗಿರುವ ವಿಮೆಯನ್ನೂ ಆ ತನಕ ನಿಲ್ಲಿಸಬೇಡಿ. ಒಮ್ಮೆ ಬಿಟ್ಟರೆ ಈ ವಯಸ್ಸಿನಲ್ಲಿ ಮತ್ತೆ ಸಿಗುವುದು ಕಷ್ಟ.

ನೀವು ನೋಡಿದ ಮನೆ ಯಾವ ಊರಲ್ಲಿದೆ ಎಂದು ಬರೆಯಿರಿ. ನಮ್ಮ ಕಡೆಯಾದರೆ ಈ ವಾರವೇ ಅಲ್ಲಿಯ ಆರೋಗ್ಯ ಕೇಂದ್ರಕ್ಕೆ ಹೋಗಿ ಹೊಸಬರಿಗೆ ವೈದ್ಯರನ್ನು ಕೊಡುತ್ತಿದ್ದಾರಾ ಎಂದು ನಾನೇ ಕೇಳಿಕೊಂಡು ಬರುತ್ತೇನೆ.