ಶ್ರೀಪಾದನ ಮೊಣಕಾಲಿಗೆ ಗ್ರಾಫೀನ್

"ಕಪ್ಪಗಿರೋದು ಬಿಟ್ರೆ ಇದ್ರಲ್ಲಿ ಎಂತ ಇದೆ ಮಾರಾಯ?" ಸುಬ್ಬಣ್ಣ ಮೊಣಕಾಲುಪಟ್ಟಿಯನ್ನು ಬೆಳಕಿಗೆ ಹಿಡಿದು ಕೇಳಿದ.

"ಗ್ರಾಫೀನ್, ಇಂಗಾಲದ ತೆಳು ಹಾಳೆ. ಉಕ್ಕಿಗಿಂತ 200 ಪಟ್ಟು ಗಟ್ಟಿ. 2,300 ರೂಪಾಯಿ. ನ್ಯಾನೋ!" ಶ್ರೀಪಾದ ಪಂಚೆ ಎತ್ತಿ ಕಟ್ಟಿದ.

"ಬೆಲೆ ಮಾತ್ರ ನ್ಯಾನೋ ಅಲ್ಲ."

ಆಷಾಢದ ಮಳೆ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲು ಹೊಳವಾಗಲಿ ಅಂತ ಮಂಜನ ಜಗಲಿಯಲ್ಲಿ ಕಷಾಯ ಕುಡಿಯುತ್ತ ಕೂರೋದು ಬಿಟ್ಟು ಬೇರೆ ಕೆಲಸ ಯಾರಿಗಿತ್ತು?

"ಎಷ್ಟು ಹಾಕಿದ್ದಾರಂತೆ?" ಅಂದ ಮಂಜ.

"ಒಂದು ಪದರ ಅಂತ ಬರೆದಿದೆ."

"ಒಂದು ಪದರ ಅಂದ್ರೆ ಒಂದೇ ಪರಮಾಣು ದಪ್ಪ ಕಣೋ," ಸುಬ್ಬಣ್ಣ ಶುರುಮಾಡಿದ. "ಸುಮಾರು 30 ಲಕ್ಷ ಪದರ ಪೇರಿಸಿದ್ರೆ ಒಂದು ಮಿಲಿಮೀಟರ್. ಅದು ಬಂದಿದ್ದು, ಹೋಗಿದ್ದು ನಿನ್ನ ಮೊಣಕಾಲಿಗೆ ಹೇಗೆ ತಿಳೀಬೇಕು? ಗೈಮ್, ನೊವೊಸೆಲೊವ್ ಅಂತ ಇಬ್ಬರು ವಿಜ್ಞಾನಿಗಳು 2004ರಲ್ಲಿ ಗ್ರಾಫೈಟಿಗೆ, ಅದೇ ಪೆನ್ಸಿಲ್ ಕಡ್ಡಿಯಲ್ಲಿರೋ ಇಂಗಾಲಕ್ಕೆ, ಗಮ್‌ಟೇಪ್ ಅಂಟಿಸಿ, ಕಿತ್ತು, ಮತ್ತೆ ಕಿತ್ತು ಆ ಒಂದು ಪದರ ಬಿಡಿಸಿದ್ರು. 2010ರಲ್ಲಿ ನೊಬೆಲ್ ಬಂತು."

"ಟೇಪಿಗಾ? ನಾ ಕಿತ್ರೆ ಮಗನ ಪುಸ್ತಕದ ಹಾಳೆನೇ ಬರ್ತದಲ್ಲ!" ಅಂದ ಮಂಜ.

"ಮಸಿಯಲ್ಲೂ ನ್ಯಾನೋ ಕಣ ಇರ್ತಾವಂತೆ," ಶ್ರೀಪಾದ ಬಿಡಲಿಲ್ಲ.

"ಇರ್ತಾವೆ. ನಿನ್ನ ಬಚ್ಚಲೊಲೆಯಲ್ಲಿ ಅಡಿಕೆ ಸಿಪ್ಪೆ ಉರಿದು ಹಂಡೆಗೆ ಹತ್ತೋದೂ ಅದೇ ಕುಲ. ಆದ್ರೆ ಬೆರಕೆ. ಬೇಕಾದ್ದನ್ನು ಒಂದೇ ಸಮ ಮಾಡೋದ್ರಲ್ಲಿದೆ ಕಸುಬು. ಮೇಲಿಂದ ಈ ಇಂಗಾಲ ನೀರಿಗೂ ಕೂಡಲ್ಲ. ಗಾಢ ಆಮ್ಲದಲ್ಲಿ ಕಾಯಿಸಿ ಮೈಗೆ ಆಮ್ಲಜನಕದ ಗುಂಪು ಹತ್ತಿಸಿದ್ರೆ ನೀರಲ್ಲಿ ಬೆರೀತದೆ. ಬ್ಯಾಟರಿಯೊಳಗೆ ಕರೆಂಟ್ ಸರಾಗ ಹರಿಯಲಿ ಅಂತ ಕಾರ್ಬನ್ ನ್ಯಾನೋಟ್ಯೂಬ್ ಅಂತ ಇಂಗಾಲದ ಅತಿ ಸಣ್ಣ ಕೊಳವೆ ಹಾಕ್ತಾರೆ, ಅದಕ್ಕೆ ಕೈ ಮುಗೀತೀನಿ. ಪಟ್ಟಿಗೆ ಕಪ್ಪು ಬಣ್ಣ ಬಳಿದು ಚೀಟಿ ಅಂಟಿಸಿದ್ದಕ್ಕೆ ಮುಗಿಯಲ್ಲ."

"ಆಮ್ಲದಲ್ಲಿ ಕಾದ್ಮೇಲೆ ಅದು ಮೊದಲಿನ ಹಾಗೇ ಇರ್ತದಾ?"

"ಇಲ್ಲ. ಅಲ್ಲಲ್ಲಿ ಪರಮಾಣುಗಳ ಜಾಲ ಹರಿದು ಹೋಗ್ತದೆ, ಕರೆಂಟ್ ಹರಿಯೋ ಗುಣ ಕಡಿಮೆ ಆಗ್ತದೆ. ನಮ್ಮ ಹುಡುಗರು ಡಿಗ್ರಿ ಹಚ್ಚಿಕೊಂಡು ಬೆಂಗಳೂರಿಗೆ ಒಗ್ಗಿದ ಹಾಗೆ."

ಶ್ರೀಪಾದ ಪಂಚೆ ಇಳಿಸಿದ. "ಪಟ್ಟಿ ಕಳಿಸಿದ್ದು ಮಗನೇ. ಕೊಯ್ಲಿಗೆ ಬರಕ್ಕಾಗಲ್ಲ, ಇದು ಹಾಕ್ಕೊಂಡು ನೀನೇ ಓಡಾಡು ಅಂದ."

ಸುಬ್ಬಣ್ಣ ಲೋಟ ಎತ್ತಿದ, ಖಾಲಿಯಾಗಿತ್ತು.

"ನೋವು ಕಡಿಮೆ ಆಗಿದ್ಯಾ?"

"ಬೆಚ್ಚಗಿದೆ."

"ಹಾಗಾದ್ರೆ ಕಟ್ಟಿಕೋ. ಅವನು ಫೋನ್ ಮಾಡಿದಾಗ ಗ್ರಾಫೀನಿಂದಲೇ ಅನ್ನು."

ಮಂಜ ಪಟ್ಟಿಯನ್ನೇ ನೋಡುತ್ತಿದ್ದ. "ನಂಗೂ ಒಂದು ತರಿಸು ಮಾರಾಯ. ಔಷಧಿ ಹೊಡೆಯೋ ಮಿಷನ್ನಿನ ಬೆಲ್ಟ್ ಕಿತ್ತು ಹೋಗಿದೆ. ಉಕ್ಕಿಗಿಂತ ಗಟ್ಟಿ ಅಂದ್ಯಲ್ಲ."